ಎಮ್ಮೆಗೆ ಎಳೆದ ಬರೆ

ಯಡ್ತರೆಯ ಅಣ್ಣಯ್ಯ ಶೆಟ್ಟರ ಮನೆಯ ಅಂಗಳದಲ್ಲಿ, ಹಾಡುಹಗಲು, ಬೆಳ್ಳಿಯ ಬಲಗೈಯನ್ನು ಸುಟ್ಟರು. ಇಬ್ಬರು ಆಳುಗಳು ಅವಳನ್ನು ನೆಲಕ್ಕೆ ಒತ್ತಿ ಹಿಡಿದರು. ಒಲೆಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ಸಟ್ಟುಗವನ್ನು ಶೆಟ್ಟರೇ ತಂದು ಅವಳ ಅಂಗೈಯ ಮೇಲಿಟ್ಟರು. ಮಗುಚಿ ಮತ್ತೊಮ್ಮೆ ಇಟ್ಟರು. ಅದು ಅರವತ್ತಮೂರನೆಯ ಇಸವಿಯ ಸುಗ್ಗಿ.

ಒಳಗಿನ ಕೋಣೆಯಲ್ಲಿ ಸರಸ ಆ ಕೂಗನ್ನು ಕೇಳಿದಳು. ಕೋಣೆಗೆ ಹೊರಗಿನಿಂದ ಚಿಲಕ. ಸರಸ ಶೆಟ್ಟರ ತಂಗಿ ರಾಜೀವಿಯ ದೊಡ್ಡ ಮಗಳು. ಗಂಡ ಮುಂಬಯಿಯ ಹೊಟೇಲಿನಲ್ಲಿ, ಇವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಮೊದಲು ಬಂದದ್ದು ಕೂಗು, ಆಮೇಲೆ ಕಿಟಕಿಯ ಸರಳುಗಳ ನಡುವಿನಿಂದ ತೊಗಲು ಸೀದ ವಾಸನೆ. ಸರಸ ಬಾಗಿಲಿಗೆ ಹಣೆ ಚಚ್ಚಿಕೊಂಡಳು.

"ಹೇಳದ್ದ್ ನಾನಲ್ದಾ! ಹ್ವಾಯ್, ನನ್ನ ಸುಡಿ! ನನ್ನ ನಾಲ್ಗಿ ಸುಡಿ!"

ಯಾರೂ ಬರಲಿಲ್ಲ. ಹೊಡೆದ ಸದ್ದಿಗೆ ಬರುವವರು ಆ ಮನೆಯಲ್ಲಿ ಮೊದಲಿನಿಂದಲೂ ಇರಲಿಲ್ಲ.

ಹೇಳಿದವಳು ಅವಳೇ, ಅದು ನಿಜ. ಆದರೆ ಅವಳು ಹೇಳಿದ್ದು ಏನು, ಅವರು ಕೇಳಿಸಿಕೊಂಡದ್ದು ಏನು ಎಂಬುದನ್ನು ಬಿಡಿಸಿ ಹೇಳಬೇಕು.

ಹೆತ್ತ ಮೇಲೆ ಸರಸಳ ನಿದ್ದೆ ಹೋಯಿತು. ಹೋದದ್ದು ಮತ್ತೆ ಬರಲಿಲ್ಲ. ತಲೆಯೊಳಗೆ ಯಾರೋ ಒರಳಿನಲ್ಲಿ ಬರಿ ಹೊಟ್ಟು ಕುಟ್ಟುತ್ತ ಕೂತ ಹಾಗೆ, ನಿಲ್ಲಿಸು ಎಂದರೆ ಇನ್ನೂ ಜೋರು. ಎದೆಯಲ್ಲಿ ಹಾಲು ಉಕ್ಕುತ್ತಿತ್ತು, ಮಡಿಲಲ್ಲಿದ್ದ ಹೆಣ್ಣು ಕೂಸು ಮಾತ್ರ ಅವಳಿಗೆ ತನ್ನದೆಂದು ಅನ್ನಿಸುತ್ತಿರಲಿಲ್ಲ. ಯಾರದೋ ಮನೆಯ ಗಂಟನ್ನು ತಂದು ತೊಡೆಯ ಮೇಲಿಟ್ಟು ಹೋದಂತೆ. ಈ ಮಾತನ್ನು ಯಾರಿಗೆ ಹೇಳುವುದು? ತಾಯಿಯಾದವಳು ಹೇಳುವ ಮಾತೇ ಇದು? ನುಂಗಿದಳು. ನುಂಗಿದ್ದು ಒಳಗೇ ಹುಳಿಯಿತು. ಒಂದು ಮಧ್ಯಾಹ್ನ ಎಲ್ಲರೂ ಗದ್ದೆಯಲ್ಲಿದ್ದಾಗ ಕೂಸನ್ನೆತ್ತಿಕೊಂಡು ಬಾವಿಕಟ್ಟೆ ಹತ್ತಿ ನಿಂತಳು. ತಂಗಿ ಸುಗುಣ ಕಂಡು ಓಡಿ ಬಂದು ಕೂಸನ್ನು ಕಸಿದುಕೊಂಡಳು. ಹಿಂದಿನಿಂದ ಬಂದ ಶೆಟ್ಟರು ಎಂತ ಏನು ಎಂದು ಕೇಳಲಿಲ್ಲ, ಬಾರಿಸಿದರು. ಸರಸಳ ಎಡಗಿವಿಯಿಂದ ರಕ್ತ ಇಳಿಯಿತು. ಅಂದೇ ಕೂಸನ್ನು ಅವಳಿಂದ ಬೇರೆ ಮಾಡಿದರು, ಅಂದೇ ಕೋಣೆಗೆ ಚಿಲಕ ಬಿತ್ತು.

ಅದು ಅಳಿಯ ಸಂತಾನದ ಮನೆ. ಆಸ್ತಿ ಇಳಿಯುವುದು ಹೆಣ್ಣುಮಕ್ಕಳ ಹೊಟ್ಟೆಯ ದಾರಿಯಲ್ಲಿ. ಅಂಥ ಮನೆಯಲ್ಲಿ ಗಂಡಸಿನ ತಲೆ ಕೆಟ್ಟರೆ ಅವನೊಬ್ಬನ ತಲೆ ಕೆಟ್ಟಿತು ಎನ್ನುತ್ತಾರೆ, ಹೆಣ್ಣಿನ ತಲೆ ಕೆಟ್ಟರೆ ಬೀಜವೇ ಕೆಟ್ಟಿತು ಎನ್ನುತ್ತಾರೆ. ಸುಗುಣಳಿಗೆ ಸಿದ್ದಾಪುರದ ದೊಡ್ಡ ಮನೆಯೊಂದರಿಂದ ಮಾತು ಬಂದಿತ್ತು, ವೀಳ್ಯ ಬದಲಾಯಿಸುವುದೊಂದೇ ಬಾಕಿ. ಹಾಗಾಗಿ ಸರಸಳಿಗೆ ಏನು ಬೇಕಾದರೂ ಆಗಿರಬಹುದಿತ್ತು: ದೃಷ್ಟಿ, ಗಾಳಿ, ಸೋಂಕು. ತಲೆ ಮಾತ್ರ ಕೆಟ್ಟಿರಕೂಡದು. ಎಲ್ಲಕ್ಕಿಂತ ಅನುಕೂಲ ಕೈಮದ್ದು. ಆಗದವರು ಅನ್ನದಲ್ಲಿ ಕಲಸಿ ತಿನ್ನಿಸುತ್ತಾರೆ, ಅದು ಹೊಟ್ಟೆಯ ಗೋಡೆಗೆ ಅಂಟಿ ಕೂತು ಮನುಷ್ಯನನ್ನು ಒಳಗಿಂದ ತಿನ್ನುತ್ತದೆ ಎಂದು ಈ ಕಡೆಯ ನಂಬಿಕೆ. ಕೈಮದ್ದು ಹೊರಗಿನಿಂದ ಬರುವುದು. ಮನೆಯ ರಕ್ತಕ್ಕೆ ಕಲೆಯಿಲ್ಲ. ಯಾರದೋ ಕೈ ಸಿಕ್ಕಿದರೆ ಸಾಕು.

ಕೈಮದ್ದು ಕಕ್ಕಿಸುವ ಕುಷ್ಟ ಎಂಬವನನ್ನು ಗುಲ್ವಾಡಿಯಿಂದ ಕರೆಸಿದರು. ಮೈತುಂಬ ವಿಭೂತಿ, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಸರಸಳನ್ನು ಚಾವಡಿಯ ಕಂಬಕ್ಕೆ ತೆಂಗಿನ ಹಗ್ಗದಲ್ಲಿ ಬಿಗಿದರು. ಬಾಯಿಗೆ ಅಡ್ಡ ಕೋಲು ಕೊಟ್ಟು ಯಾವುದೋ ಎಲೆಯ ರಸ, ಅದರ ಮೇಲೆ ಉಪ್ಪುನೀರು, ಅದರ ಮೇಲೆ ಮತ್ತೆ ರಸ.

"ಗಟ್ಟಿ ಹಿಡ್ಕಣಿ ಶೆಟ್ರೆ," ಅಂದ ಕುಷ್ಟ. "ಅದ್ಕೆ ಹೊರಗ್ ಬಪ್ಪುಕೆ ಮನಸ್ಸಿಲ್ಲೆ. ಒಳಗ್ ಕೂಕಂಡ್ ಹಟ ಮಾಡ್ತಿತ್ತ್."

"ಇದ್ರ ಹಟ ನಂಗೊತ್ತಿತ್ತ್," ಎಂದು ಶೆಟ್ಟರು ಸೋದರ ಸೊಸೆಯ ತಲೆಗೂದಲು ಹಿಡಿದು ಹಿಂದಕ್ಕೆ ಎಳೆದರು. ಅಕ್ಕತಂಗಿಯರ ಮಕ್ಕಳನ್ನು ತನ್ನ ಮಕ್ಕಳಿಗಿಂತ ಹೆಚ್ಚು ನೋಡಬೇಕಾದ ಮಾವ ಅವರು.

ಸರಸ ಕಕ್ಕಿದಳು. ಅನ್ನ ಬಂತು, ನೀರು ಬಂತು, ಹಳದಿ ಪಿತ್ತ ಬಂತು, ಕೊನೆಗೆ ರಕ್ತದ ಎಳೆ ಬಂತು. ಕುಷ್ಟ ಕೆಳಗಿಟ್ಟಿದ್ದ ಅಡಿಕೆಹಾಳೆಯಲ್ಲಿ ಕಡ್ಡಿಯಾಡಿಸಿ, ಕೂದಲು ಸುತ್ತಿದ ಕರಿ ಉಂಡೆಯೊಂದನ್ನು ಎತ್ತಿದ. "ಇಗ ಕಾಣಿ!" ಅದು ಅವನ ಎಲೆಯಡಿಕೆಯ ಚೀಲದಿಂದ ಎಡಗೈಗೆ, ಎಡಗೈಯಿಂದ ಹಾಳೆಗೆ ಇಳಿದದ್ದನ್ನು ಸರಸ ನೀರು ತುಂಬಿದ ಕಣ್ಣಿನಲ್ಲೇ ಕಂಡಿದ್ದಳು. ಹೇಳಲು ಬಾಯಲ್ಲಿ ಕೋಲಿತ್ತು. ಕೋಲು ತೆಗೆದ ಮೇಲೆ ಕುಷ್ಟ ಕೇಳಿದ್ದು ಬೇರೆಯೇ ಪ್ರಶ್ನೆ.

"ಯಾರ್ ಕೈಯಂಗ್ ತಿಂದೆ ಹೆಣೆ? ಮನೆಯರದ್ದ್ ಬಿಟ್ಟ್ ಹೊರ್ಗಿನರ್ ಕೈಯಂಗ್ ಎಂತಾರೂ ತಿಂದಿದ್ಯಾ?"

"ಬೆಳ್ಳಿ ಕೈಯಂಗೆ," ಅಂದಳು ಸರಸ.

ಹೊಟ್ಟೆಯಲ್ಲಿ ಏನೂ ಉಳಿಯದ ಆ ದಿನಗಳಲ್ಲಿ ಉಳಿದದ್ದು ಅದೊಂದೇ. ಅದನ್ನು ಹೇಳಿದರೆ ಬೆಳ್ಳಿಯನ್ನು ಕರೆಸುತ್ತಾರೆ, ತನ್ನ ಪಕ್ಕ ಕೂರಿಸುತ್ತಾರೆ ಎಂದು ಅವಳು ಅಂದುಕೊಂಡಳು. ಅಷ್ಟು ಕೆಟ್ಟಿತ್ತು ತಲೆ. ತನ್ನ ಮನೆಯವರು ಎಂಥವರೆಂಬುದನ್ನೇ ಮರೆಯುವಷ್ಟು.

ಬೆಳ್ಳಿ ಗದ್ದೆಯ ಆಚೆಯ ಕೇರಿಯವಳು. ಅಂಗಳದಿಂದ ಈಚೆಗೆ ಬರುವಂತಿಲ್ಲದ ಜಾತಿ. ಆದರೆ ಹೆರಿಗೆಯ ಸೂತಕ ಮುಗಿಯುವವರೆಗೆ ಬಾಣಂತಿಗೆ ಎಣ್ಣೆ ತಿಕ್ಕಿ ಮೀಯಿಸಲು ಅವಳ ಕೈಯೇ ಬೇಕು. ಸೂತಕ ಕಳೆದ ಮರುದಿನ ಆ ಕೈ ಮತ್ತೆ ಮುಟ್ಟಬಾರದ ಕೈ. ಹೇಸುವುದಕ್ಕೂ ಪಂಚಾಂಗ ನೋಡುವ ಜನ. ಬಚ್ಚಲಿನಲ್ಲಿ ಬಿಸಿನೀರು ಹೊಯ್ಯುತ್ತ ಬೆಳ್ಳಿ ಒಂದು ದಿನ ಕೇಳಿದ್ದಳು:

"ಅಮ್ಮಾ, ಕೂಸಿನ್ ಮೋರಿ ಕಾಂಬುಕೆ ಆತಿಲ್ಯಾ ನಿಮ್ಗೆ?"

ಸರಸ ಬೆಚ್ಚಿದಳು. "ನಿಂಗ್ ಯಾರ್ ಹೇಳ್ರ್?"

"ಯಾರ್ ಹೇಳ್ಕ್? ನಂಗೂ ಆಯಿತ್ತ್. ನಡುವಿನ್ ಗಂಡ್ ಹುಟ್ಟದ್ ವರ್ಷ. ಅದ್ನ ಎತ್ಕಂಡ್ ಹೊಳಿಗ್ ಇಳ್ದಿದ್ದೆ ನಾನ್. ಎದಿಮಟ್ಟ ನೀರಂಗ್ ನಿಂತಿದ್ದೆ. ನನ್ ಗಂಡ ತಿಮ್ಮ ಬಂದ್ ಜುಟ್ಟ್ ಹಿಡ್ದ್ ಎಳ್ದ."

"ಹೊಡ್ದ್ನಾ?"

"ಎಲ್ಲಿ ಹೊಡೂದ್? ದಂಡಿ ಮೇಲ್ ಕೂಕಂಡ್ ನನ್ಕಿಂತ ಜೋರ್ ಮರ್ಕುಕೆ ಶುರು ಮಾಡ್ದ. ಕಡಿಗ್ ಅವನ್ ಕಣ್ಣೀರ್ ನಾನೇ ಒರ್ಸ್ಕಾಯ್ತ್!"

ಹೆತ್ತ ಮೇಲೆ ಮೊದಲ ಬಾರಿ ಸರಸಳಿಗೆ ನಗು ಬಂತು. "ಬೇರೆ ಯಾರಿಗೂ ಗೊತ್ತಾಯ್ಲಿಲ್ಯಾ?"

"ಕೇರಿಗೇ ಗೊತ್ತಿತ್ತ್. ಮುಚ್ಚಿಡುಕೆ ನಮ್ಮನಿಯಂಗೆ ಕೋಣಿ ಎಲ್ಲಿತ್ತ್ ಅಮ್ಮ?" ಎಂದು ಬೆಳ್ಳಿ ಬೆನ್ನು ತಿಕ್ಕಿದಳು. "ಹೆಂಗ್ಸ್ರೆಲ್ಲ ಬಂದ್ ಕೂಕಂಬ್ರ್, ಬೈವ್ರ್, ಗಂಜಿ ಕುಡ್ಸುವ್ರ್. ಮಳಿಗಾಲ ಮುಗುದ್ರೊಳಗ್ ಸಮ ಆಯ್ತ್. ಎಲ್ರಿಗೂ ಹಾಂಗೇ ಆತ್ತ್ ಅಂಬುಕಾಗ. ನಂಗ್ ಆಯ್ತ್."

ತನಗಾಗಿ ತಂದಿದ್ದ ಗಂಜಿಯನ್ನು ಅವಳು ತೆಂಗಿನ ಗೆರಟೆಗೆ ಬಗ್ಗಿಸಿ, ಸುಟ್ಟ ಒಣಮೀನಿನ ತುಂಡು ಇಟ್ಟು, ಬೇಕೋ ಎಂದು ಕೇಳಿದಳು. ಕೊಡಬಾರದವಳು ಕೊಟ್ಟಳು, ತಿನ್ನಬಾರದವಳು ತಿಂದಳು. ಮಾರನೆಯ ದಿನವೂ ತಿಂದಳು.

ಆ ಕೈಯನ್ನು ಸುಟ್ಟರು.

ತಿಮ್ಮ ಸುಮ್ಮನಿರುವ ಆಳಲ್ಲ. ಗೇಣಿ ಒಕ್ಕಲಿನವರು ಸೇರುವ ಸಭೆಗಳಿಗೆ ಹೋಗಿ ಬಂದು, ಶೆಟ್ಟರ ಮುಂದೆ ಮುಂಡಾಸು ಬಿಚ್ಚುವುದನ್ನು ಬಿಟ್ಟಿದ್ದವನು. ಹೆಂಡತಿಯ ಕೈಗೆ ಬಾಳೆ ಎಲೆ ಸುತ್ತಿ ನಡೆಸಿಕೊಂಡು ಹೋಗಿ ಪೊಲೀಸಿನವನ ಮುಂದೆ ಬಿಚ್ಚಿ ತೋರಿಸಿದ. ಪೊಲೀಸಿನವನು ಬರೆದುಕೊಳ್ಳುವ ಬದಲು ಶೆಟ್ಟರ ಮನೆಗೆ ಬಂದು ಎಳನೀರು ಕುಡಿದ. "ಊರಿನ ಮಾತು ಊರಿನಲ್ಲೇ ಮುಗಿಸಿ ಶೆಟ್ರೆ, ಆ ಕೈ ಕಂಡರೆ ಮೇಲಿನವರು ಸುಮ್ಮನಿರುವುದಿಲ್ಲ" ಎಂದ. ಶೆಟ್ಟರು ದಾರಿ ಹುಡುಕಿದರು: ಹಾಯ್ಗುಳಿ ದೈವದ ಕಲ್ಲಿನ ಮುಂದೆ ಸರಸ ಆಣೆ ಮಾಡಿ ಹೇಳಲಿ. ಬೆಳ್ಳಿ ಮದ್ದು ಹಾಕಿದ್ದು ಹೌದು ಎಂದರೆ ತಿಮ್ಮ ದೂರು ಬಿಟ್ಟು, ಗುಡಿಸಲೂ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಊರು ದಾಟಬೇಕು. ಅಲ್ಲ ಎಂದರೆ ಪೊಲೀಸಿನವನು ಬರೆದುಕೊಳ್ಳಲಿ. ತಿಮ್ಮ ಒಪ್ಪಿದ. "ಅಮ್ಮ ಸುಳ್ಳ್ ಹೇಳುದಿಲ್ಲ" ಎಂದು ಬೆಳ್ಳಿ ಅಂದಿದ್ದಳಂತೆ.

ಆಣೆಯ ದಿನ ಬೆಳಿಗ್ಗೆ ಶೆಟ್ಟರು ಕೋಣೆಯ ಹೊಸ್ತಿಲಲ್ಲಿ ನಿಂತು ಹೇಳಿದರು: "ನಾ ಹೇಳಿದ ಹಾಂಗ್ ಹೇಳಿದ್ರೆ ಕೂಸ್ ನಿನ್ ಮಡ್ಲಿಗೆ, ನೀನ್ ಮುಂಬೈಗೆ. ಬೇರೆ ಎಂತಾರೂ ಬಾಯಿಂದ ಬಿದ್ರೆ, ಕೂಸಿನ್ ಮೋರಿ ಈ ಜನ್ಮದಂಗ್ ಕಾಂತಿಲ್ಲೆ ನೀನ್."

ಈಗ ಸರಸಳಿಗೆ ಕೂಸು ಬೇಕಾಗಿತ್ತು. ಗೋಡೆಯಾಚೆಯಿಂದ ಅದರ ಅಳು ಕೇಳಿದಾಗಲೆಲ್ಲ ಎದೆ ಕಲ್ಲಾಗಿ ರವಿಕೆ ಒದ್ದೆಯಾಗುತ್ತಿತ್ತು. ಒರಳು ನಿಂತಿರಲಿಲ್ಲ, ನಡುನಡುವೆ ಕೈ ಸೋತವರಂತೆ ನಿಧಾನಿಸುತ್ತಿತ್ತು, ಅಷ್ಟೆ. ಆ ನಡುವಿನಲ್ಲಿ ಕೂಸು ತನ್ನದೆಂದು ಅವಳಿಗೆ ಗೊತ್ತಾಗುತ್ತಿತ್ತು.

ರಾಜೀವಿ ಮಗಳ ಜಡೆ ಹೆಣೆಯಲು ಬಂದಳು. ಸಿಕ್ಕು ಬಿಡಿಸುತ್ತ ಬಿಡಿಸುತ್ತ, ತಗ್ಗಿದ ದನಿಯಲ್ಲಿ ಅಂದಳು:

"ನಿನ್ ದೊಡ್ಡಮ್ಮ ಗುಲಾಬಿ ಪಾಚಿ ಜಾರಿ ಬಾವಿಗ್ ಬಿದ್ದದ್ದಲ್ಲ."

"ಎಂತ ಅಂದೆ ಅಬ್ಬೆ?"

"ಬಾಣಂತಿ ಆಗಿಪ್ಪಾಗ ನಿನ್ನ ಹಾಂಗೇ ಗೋಡಿ ಕಾಂತ ಕೂಕಂತಿದ್ಲ್. ಕಾಯೂಕೆ ನನ್ನ ಮನ್ಗಿಸಿದ್ರ್ ಅವಳೊಟ್ಟಿಗೆ. ನಂಗ್ ಕಣ್ಣ್ ಹತ್ತಿತ್." ರಾಜೀವಿಯ ಬಾಚಣಿಗೆ ನಿಂತಿತು. "ಪಾಚಿ ಅಂದೇಳಿ ಹೇಳಿ ಅಂದ್ರ್ ದೊಡ್ಡವ್ರ್. ಎಲ್ರೂ ಪಾಚಿ ಅಂತ್ಲೇ ಹೇಳ್ದೊ. ಹೇಳಿ ಹೇಳಿ ಕಡಿಗ್ ನಂಗೇ ಬಾವಿಕಟ್ಟಿ ಮೇಲ್ ಪಾಚಿ ಕಾಂಬುಕೆ ಶುರುವಾಯ್ತ್. ಬಾಯ್ ಮುಚ್ಕಂಡದ್ದಕ್ಕೆ ಮನಿ ಉಳ್ದಿತ್ ಮಗಾ. ನೀನೂ ಮುಚ್ಕೋ. ಸುಗುಣನ್ ಮೋರಿ ಕಾಣ್."

"ಮನಿ ಉಳ್ದಿತ್ ಅಬ್ಬೆ. ದೊಡ್ಡಮ್ಮ?"

ರಾಜೀವಿ ಜಡೆಯನ್ನು ನೋಯುವಷ್ಟು ಬಿಗಿಯಾಗಿ ಹೆಣೆದಳು.

ಹಾಯ್ಗುಳಿಯ ಕಲ್ಲು ಗದ್ದೆಯ ತಲೆಯಲ್ಲಿ, ದೊಡ್ಡ ಮರದ ಬುಡದಲ್ಲಿದೆ. ಬಿಸಿಲು ಏರುವ ಹೊತ್ತಿಗೆ ಊರಿಗೆ ಊರೇ ನೆರೆದಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಕೊಯ್ದ ಗದ್ದೆಯ ಕೂಳೆಯ ಮೇಲೆ ದೂರದಲ್ಲಿ ಬೆಳ್ಳಿಯ ಕೇರಿಯವರು. ಪೊಲೀಸಿನವನಿಗೆ ಕುರ್ಚಿ. ಕುಷ್ಟ ಕಲ್ಲಿನ ಪಕ್ಕದಲ್ಲೇ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಸರಸ ಬೆಳ್ಳಿಯನ್ನು ಹುಡುಕಿದಳು. ಕಂಡಳು. ಎದೆಯ ಹತ್ತಿರ ಹಿಡಿದುಕೊಂಡಿದ್ದ ಬಟ್ಟೆಯ ಮುದ್ದೆ ಕಂಡಿತು, ಅದರೊಳಗೆ ಕೈ ಎಷ್ಟು ಉಳಿದಿದೆಯೆಂದು ತಿಳಿಯಲಿಲ್ಲ. ಒಂದು ನೊಣ ಅದರ ಮೇಲೆ ಕೂತು ಎದ್ದು ಕೂತು ಮಾಡುತ್ತಿತ್ತು.

"ಕಲ್ಲ್ ಮುಟ್ಟ್," ಅಂದರು ಶೆಟ್ಟರು. ಸರಸ ಮುಟ್ಟಿದಳು. ಕಲ್ಲು ಕಾದಿತ್ತು.

"ಹೇಳ್. ನಿಂಗ್ ಮದ್ದ್ ಹಾಕದ್ದ್ ಯಾರ್?"

"ಯಾರೂ ಇಲ್ಲೆ."

ಗಂಡಸರ ಕಡೆ ಗುಜುಗುಜು ಎದ್ದಿತು. ಶೆಟ್ಟರು ನಕ್ಕಂತೆ ಮಾಡಿದರು. "ಹೆದ್ರಿತ್ ಹೆಣ್ಣ್. ಹೇಳ್ ಹೆಣೆ, ಹೆದ್ರೂಕಾಗ. ಬೆಳ್ಳಿ ಕೈಯಂಗ್ ತಿಂದದ್ದ್ ಹೌದಾ ಅಲ್ದಾ?"

"ತಿಂದದ್ ಹೌದ್. ಅದ್ ಬರಿ ಗಂಜಿ. ನಾ ಬದ್ಕದ್ದ್ ಅದ್ರಂಗೆ." ಸರಸ ಜನರ ಕಡೆ ತಿರುಗಿದಳು. ಮಾತು ಕೀರಲಾಗಿ, ಆದರೆ ದೊಡ್ಡದಾಗಿ ಬಂತು. "ಕೇಣಿ ಎಲ್ರೂ. ನಂಗೆ ಮದ್ದೂ ಇಲ್ಲೆ, ಗಾಳಿಯೂ ಇಲ್ಲೆ. ನನ್ನ ಮಂಡಿ ಸಮ ಇಲ್ಲೆ," ಎಂದು ತಲೆಯ ಮೇಲೆ ಕೈಯಿಟ್ಟಳು. "ಹೆತ್ತ್ ಆದ್ಮೇಲೆ ಸಮ ಇಲ್ಲೆ. ನಿದ್ರಿ ಇಲ್ಲೆ. ಮಂಡಿ ಒಳಗ್ ಒರಳ್ ಕುಟ್ದಂಗ್ ಆತ್ತ್. ನಾ ಬಾವಿಕಟ್ಟಿ ಹತ್ತದ್ದ್ ನೀರ್ ಸೇದೂಕಲ್ಲ, ಕೂಸನ್ನ ಹಾಕಿ ನಾನೂ ಹಾರುಕೆ. ನಾನೇ. ಯಾರೂ ಹೇಳ್ಕೊಡ್ಲಿಲ್ಲ. ನನ್ನ ದೊಡ್ಡಮ್ಮನೂ ಹಾಂಗೇ ಸತ್ತದ್ದ್."

ಹೆಂಗಸರ ಕಡೆಯಿಂದ ಯಾರೋ "ಅದ್ ಸುಳ್ಳಲ್ಲ" ಅಂದರು. ಯಾರೆಂದು ಜನ ತಿರುಗಿ ನೋಡುವಷ್ಟರಲ್ಲಿ ಬಾಯಿ ಮುಚ್ಚಿಯಾಗಿತ್ತು. ರಾಜೀವಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು.

"ಮತ್ತ್ ಹೊಟ್ಟಿಂದ ಬಂದದ್ದ್ ಎಂತ?" ಎಂದು ಕುಷ್ಟ ಕೂಗಿದ. "ಊರೆಲ್ಲ ಕಂಡಿತ್ತಲೆ!"

"ನನ್ ಹೊಟ್ಟಿಂದ ಬಂದದ್ದಲ್ಲ, ನಿನ್ ಎಲಿಯಡ್ಕಿ ಚೀಲ್ದಿಂದ ಬಂದದ್ದ್. ಈಗ ಮುಟ್ಟ್ ಕಲ್ಲನ್ನ, ಮುಟ್ಟಿ ಹೇಳ್!"

ಕುಷ್ಟ ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟು ಹಿಂದೆ ಸರಿದದ್ದನ್ನು ಎಲ್ಲರೂ ಕಂಡರು.

ಅಲ್ಲಿಯವರೆಗೆ ತಡೆದುಕೊಂಡಿದ್ದ ಶೆಟ್ಟರ ಕೈ ಆಗ ಬೀಸಿತು. ಸರಸ ಕಲ್ಲಿನ ಮೇಲೆ ಬಿದ್ದಳು. ತುಟಿ ಒಡೆದು ಹಲ್ಲು ಕೆಂಪಾಯಿತು. ಅವರು ಜಡೆ ಹಿಡಿದು ಎತ್ತಿ ಮತ್ತೊಮ್ಮೆ ಹೊಡೆದರು, ಬಿದ್ದವಳ ಸೊಂಟಕ್ಕೆ ಒದ್ದರು. ದೈವದ ಮುಂದೆ, ಪೊಲೀಸಿನವನ ಮುಂದೆ, ಊರಿನ ಮುಂದೆ. ತಡೆಯಲು ಒಬ್ಬ ಗಂಡಸೂ ಏಳಲಿಲ್ಲ. ಅವರವರ ಮನೆಯ ಹೆಣ್ಣನ್ನು ಅವರವರು ಹೊಡೆಯುವುದು ಈ ಊರಿನಲ್ಲಿ ಇನ್ನೂ ಮರ್ಯಾದೆಯೇ.

"ಹುಚ್ಚಿ!" ಶೆಟ್ಟರು ಜನರ ಕಡೆ ತಿರುಗಿ ಏದುತ್ತ ಕೂಗಿದರು. "ಹುಚ್ಚ್ ಹಿಡದ್ ಹೆಣ್ಣ್ ಇದ್! ಹುಚ್ಚಿ ಹೇಳದ್ದ್ ಮಾತಾ? ಇದ್ರ ಮಾತ್ ನೀವ್ ಕೇಂತ್ರ್ಯಾ?"

ಕೂಳೆಯ ಮೇಲಿನಿಂದ ತಿಮ್ಮ ಮುಂದೆ ಬಂದ. ಬರಬಾರದಷ್ಟು ಹತ್ತಿರ ಬಂದ. "ಹಾಂಗಾರೆ ಒಂದ್ ಮಾತ್ ಒಡೇರೆ. ಹುಚ್ಚ್ ಅಂತ್ ನೀವೇ ಹೇಳ್ತ್ರಿ. ಹುಚ್ಚಾದ್ರೆ ಮದ್ದ್ ಎಲ್ಲಿಂದ ಬಂತ್? ಮದ್ದ್ ಇಲ್ಲದಿರೆ ನನ್ ಹೆಂಡ್ತಿ ಕೈ ಸುಟ್ಟದ್ದ್ ಎಂತಕೆ?"

ಯಾರೋ ಪಕ್ಕನೆ ನಕ್ಕರು. ಶೆಟ್ಟರು ಆಳುಗಳ ಕಡೆ ಕಣ್ಣು ಹೊರಳಿಸಿದರು.

"ಎತ್ತಿಗ್ ಜ್ವರ ಬಂದ್ರೆ ಎಮ್ಮಿಗ್ ಬರಿ ಎಳದ್ರ್ ಅಂಬ್ರ್," ಎಂದ ತಿಮ್ಮ. "ಎಳಿಸ್ಕಂಡ್ ಎಳಿಸ್ಕಂಡ್ ನಮ್ಮ್ ಚರ್ಮದಂಗ್ ಜಾಗ ಇಲ್ಲೆ ಇನ್ನ್. ಬರ್ಕಣಿ ಪೊಲೀಸ್ರೆ. ಎಳನೀರ್ ಕುಡ್ದ್ ಆಯ್ತಲೆ."

ಇಬ್ಬರು ಆಳುಗಳು ಅವನ ಮೇಲೆ ಬಿದ್ದರು. ಕೇರಿಯ ಗಂಡಸರು ದಡಬಡನೆ ಓಡಿ ಬಂದರು. ಕೋಲು ಬೀಸಿದವು, ಒಬ್ಬನ ನೆತ್ತಿ ಒಡೆದು ರಕ್ತ ಕೂಳೆಯ ಮೇಲೆ ಚಿಮ್ಮಿತು, ಹೆಂಗಸರು ಬೊಬ್ಬೆ ಹಾಕಿದರು. ಪೊಲೀಸಿನವನು ಕುರ್ಚಿಯ ಮೇಲೆ ಹತ್ತಿ ಸೀಟಿ ಊದಿದ. ಎರಡು ಕಡೆಯೂ ಹಿಂದೆ ಸರಿದು ನಿಂತಾಗ ಊರು ಮೊದಲಿನ ಊರಾಗಿರಲಿಲ್ಲ. ತಿಮ್ಮನ ಒಂದು ಕಣ್ಣು ಊದಿ ಮುಚ್ಚಿತ್ತು. ಬೆಳ್ಳಿ ಎಡಗೈಯಲ್ಲಿ ಅವನ ತೋಳು ಹಿಡಿದು ನಿಂತಿದ್ದಳು.

ಪೊಲೀಸಿನವನಿಗೆ ಈ ಗಲಾಟೆ ಮೇಲಿನವರ ಕಿವಿಗೆ ಬೀಳುವ ಮೊದಲು ಮುಗಿಯಬೇಕಿತ್ತು. ಟೋಪಿ ಸರಿಮಾಡಿಕೊಂಡು ಸರಸಳ ಹತ್ತಿರ ಬಂದು, ಮಕ್ಕಳಿಗೆ ಹೇಳುವವನ ದನಿಯಲ್ಲಿ ಹೇಳಿದ: "ನೋಡಮ್ಮ, ಒಂದೇ ಒಂದು ಮಾತು. ತಲೆ ಸರಿ ಇಲ್ಲದೆ ಏನೇನೋ ಹೇಳಿದೆ, ಹೇಳಿದ್ದನ್ನು ಹಿಂದಕ್ಕೆ ತಗೊಂಡೆ ಅನ್ನು. ಮಾವನ ಕಾಲು ಮುಟ್ಟು. ಯಾರಿಗೂ ಏನೂ ಆಗುವುದಿಲ್ಲ. ನಿನ್ನ ಮಗು ನಿನ್ನ ಕೈಗೆ ಬರುತ್ತದೆ."

ಸುಗುಣ ಹೆಂಗಸರ ಸಾಲಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಗಲಾಟೆಗೆ ಎಚ್ಚರಗೊಂಡು ಅದು ಅಳುತ್ತಿತ್ತು. ಸರಸಳ ರವಿಕೆ ಒದ್ದೆಯಾಯಿತು, ಎಲ್ಲರ ಎದುರಿಗೆ. ಸುಗುಣ ಅಳುತ್ತ ತುಟಿ ಆಡಿಸಿದಳು: ಹೇಳ್ ಅಕ್ಕ, ಹೇಳ್.

"ಹೇಳ್ತ್ಯಾ ಇಲ್ಯಾ?" ಅಂದರು ಶೆಟ್ಟರು. "ಕಾಲ್ ಮುಟ್ಟ್. ಹಿಂದ್ ತಕಂಡೆ ಅನ್ನ್."

ಸರಸ ಕಲ್ಲು ಹಿಡಿದು ಎದ್ದಳು. ಬಾಯಲ್ಲಿ ತುಂಬಿದ ರಕ್ತವನ್ನು ಪಕ್ಕಕ್ಕೆ ಉಗಿದಳು. ತಲೆಯೊಳಗೆ ಒರಳು ಕುಟ್ಟುತ್ತಲೇ ಇತ್ತು. ಅವಳು ಅದಕ್ಕಿಂತ ಗಟ್ಟಿಯಾಗಿ ಮಾತಾಡಬೇಕಾಯಿತು.

"ಮಂಡಿ ಸಮ ಇಲ್ಲದ್ದ್ ಹೌದ್. ಹೇಳದ್ದೂ ಹೌದ್. ಎರಡೂ ಬರ್ಕಣಿ," ಅಂದಳು. "ನಾ ಹಿಂದ್ ತಕಂತಿಲ್ಲೆ."